ಚಂದಾ ಡಬ್ಬಿಯ ಅರ್ಜುಮಂದ

ಸುರಪುರ–ಯಾದಗಿರಿ ಬಸ್ಸಿನ ಕಂಡಕ್ಟರ್ ಮಾನಪ್ಪನಿಗೆ ಕಾಲೇಜಿಗೆ ಬೇಸಿಗೆ ರಜೆ ಬಿಟ್ಟದ್ದು ತಿಳಿದದ್ದೇ ಅರ್ಜುಮಂದಳ ಚಂದಾ ಡಬ್ಬಿಯ ಸದ್ದಿನಿಂದ. ಬಿ.ಎಸ್ಸಿ. ಓದುವ ಈ ಹುಡುಗಿ ರಂಗಂಪೇಟೆಯಲ್ಲಿ ಹತ್ತಿದಳೆಂದರೆ ಮಲಗಿದವರೂ ಎದ್ದು ಕೂರಬೇಕು. ಅವಳ ಊರ ಬಾವಿಯದು ಸವಳು ನೀರು. ಅದನ್ನು ಸಿಹಿ ಮಾಡುವ, ಕರೆಂಟಿನ ಹಂಗಿಲ್ಲದೆ ಬಿಸಿಲಿನಿಂದಲೇ ನಡೆಯುವ ಮಷೀನು ಶಾಲೆಯ ಅಂಗಳಕ್ಕೆ ಬರಬೇಕೆಂಬುದು ಅವಳ ಹಟ. "ದಾನ ಬ್ಯಾಡ್ರಿ, ಪಾಲು ಕೊಡ್ರಿ" ಎಂದು ಡಬ್ಬಿ ಅಲ್ಲಾಡಿಸುತ್ತಾಳೆ. ಯಾರಾದರೂ ಸೆಕೆಗೆ ಶಪಿಸಿದರೆ, "ಬಿಸಲಿಗೆ ಬೈಬ್ಯಾಡ್ರಿ, ನಾಳಿ ನಮ್ಮ ಮಷೀನ್ ನಡಿಯೂದು ಅದರ ಮ್ಯಾಲೇನೇರಿ" ಎಂದು ಗದರಿಸಿ, ಬೈದ ತಪ್ಪಿಗೆ ಇನ್ನೂ ಹತ್ತು ರೂಪಾಯಿ ಹಾಕಿಸಿಕೊಳ್ಳುತ್ತಾಳೆ. ಟೈರು ಪಂಕ್ಚರಾಗಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರೆ ಅವಳಿಗೆ ಹಬ್ಬ: ಇಳಿದು ನಿಂತ ಐವತ್ತು ಜನ ಎಲ್ಲಿಗೆ ಓಡಬೇಕು? ಎಂಜಲು ಕೈಯಲ್ಲಿ ಕಾಗೆ ಓಡಿಸದ ಸಾಹುಕಾರರೊಬ್ಬರು ಶಹಾಪುರದಲ್ಲಿ ಅವಳನ್ನು ಕಂಡದ್ದೇ ನಿದ್ದೆ ನಟಿಸಿದರು. ಅವರು ಕಣ್ಣು ಬಿಡುವ ತನಕ, ಅಂದರೆ ಯಾದಗಿರಿಯ ತನಕ, ಎದುರಿಗೇ ನಿಂತಳು. ಜನರಿಗೆ ತೋರಿಸಲೆಂದು ಊರ ನೀರಿನದೊಂದು ಬಾಟಲಿ ಅವಳ ಚೀಲದಲ್ಲಿ ಸದಾ ಇರುತ್ತದೆ, ಕಂಠಕ್ಕೆ ಬಿಳಿ ಉಪ್ಪು ಕಟ್ಟಿದ್ದು. ಮೊನ್ನೆ ಉರಿಬಿಸಿಲಲ್ಲಿ ಅವಳ ತುಟಿ ಒಡೆದದ್ದು ಕಂಡು ಮಾನಪ್ಪ ತನ್ನ ತಣ್ಣನೆಯ ನೀರು ಚಾಚಿದ: "ತಗೋ ಬೇಟಿ, ಕುಡಿ." ಅವಳು ಬೇಡವೆಂದು ತಲೆಯಾಡಿಸಿ, ಆ ಸವಳು ನೀರನ್ನೇ ಎತ್ತಿ ಗಟಗಟ ಕುಡಿದಳು. "ಮನ್ಯಾಗ ಅಮ್ಮಿ ಇದನ್ನ ಕುಡಿತಾಳ, ಕಾಕಾ. ನಾ ದಿನಾ ಛಲೋ ನೀರು ಕುಡುದ್ರ, ಯಾಕ ತಿರಗಾಕತ್ತೇನಿ ಅನ್ನೂದೇ ಮರತು ಹೋಗ್ತದ." ಚಾಚಿದ ನೀರನ್ನು ಹಿಂದಕ್ಕೆ ತೆಗೆದುಕೊಂಡ ಮಾನಪ್ಪನಿಗೆ ಯಾದಗಿರಿ ಬರುವ ತನಕ ಅದನ್ನು ಕುಡಿಯಲಾಗಲಿಲ್ಲ.