ಬಾಗದ ಬಾಂದುಕಲ್ಲು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದಲ್ಲಿ ಒಣ ಕೊಬ್ಬರಿಯ ಹಾಗೆ ಬಿಳಿಚಿಕೊಂಡ ಗಟ್ಟಿ ಚರ್ಮ. ಹೊನ್ನಾವರದ ಕಡೆಯ ಯಾವುದೋ ಗುಡ್ಡದಲ್ಲಿ ಜಮೀನು ಅಳೆಯುವಾಗ ಕಬ್ಬಿಣದ ಸರಪಳಿಯ ಕಟ್ಟು ಕೈಜಾರಿ ಬಿದ್ದದ್ದಂತೆ. ಅವತ್ತೂ ಸಂಜೆಯವರೆಗೆ ಅಳೆದು, ಪುಸ್ತಕದಲ್ಲಿ ಬರೆದು ಮುಗಿಸಿ, ಆಮೇಲೆಯೇ ಕಾಲು ತೊಳೆದರಂತೆ. ಚಪ್ಪಲಿ ಮೆಟ್ಟುತ್ತಿರಲಿಲ್ಲವಾದ್ದರಿಂದ, ತಲೆ ಎತ್ತಿ ಮಾತಾಡಲು ನಾಚುತ್ತಿದ್ದ ಹೊಸ ಸೊಸೆಯಾದ ನನಗೆ ಅವರ ಮುಖಕ್ಕಿಂತ ಮೊದಲು ಪರಿಚಯವಾದದ್ದು ಆ ಹೆಬ್ಬೆರಳು.

ಕೇರಿಯವರು ಅವರನ್ನು ಮೋಜಣಿದಾರರು ಎಂದು ಕರೆಯುತ್ತಿದ್ದರು. ಭಟ್ಕಳದಿಂದ ಕುಮಟೆಯವರೆಗೆ ಹೊಲ ಗದ್ದೆ ಬೇಣಗಳನ್ನು ಅಳೆದು, ನಿವೃತ್ತರಾಗಿ, ನಮ್ಮ ಕೇರಿಯ ಪೂರ್ವದ ಸಾಲಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದರು. ಮಗಳನ್ನು ಹೊನ್ನಾವರಕ್ಕೆ ಕೊಟ್ಟಿತ್ತು. ಪಶ್ಚಿಮದ ಸಾಲಿನಲ್ಲಿ ಐದು ಮನೆ. ತೆಂಕಣ ತುದಿಯದು ನಮ್ಮದು. ಎಲ್ಲವೂ ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದವು, ಹಲಸಿನ ಕಂಬ, ಮುಂದೆ ಕೆತ್ತನೆಯ ತೊಲೆ, ಹಡಗಿನಲ್ಲಿ ಬಂದರಿಗೆ ಬಂದ ಹಂಚು. ಆ ಐದು ಮನೆಗಳ ಬೆನ್ನಿಗೆ ಸೇಟರ ಬಾಗ.

ಬಾಗ ಎಂದರೆ ಹತ್ತಿಯಲ್ಲಿ ಗಳಿಸಿದ ಸೇಟರೊಬ್ಬರು ಊರಿನವರು ಕೂತುಕೊಳ್ಳಲಿ ಎಂದು ಬಿಟ್ಟ ತೋಪು. ಸುರಗಿ, ಬಕುಲ, ಹೊನ್ನೆ, ಹದಿನೆಂಟು ಮಾವು. ನಡುವೆ ನೀರು ಬತ್ತಿದ ಒಂದು ಕಾರಂಜಿ, ನಾಲ್ಕು ಕಲ್ಲುಬೆಂಚು. ಗಂಡಸರಿಗೆ ಕೂರಲು ಅಂಗಡಿ ಕಟ್ಟೆ, ಬಂದರು, ಕಚೇರಿ ಜಗಲಿ ಎಲ್ಲ ಇದ್ದವು. ಮನೆಯ ಹೆಂಗಸರಿಗೆ ಇದ್ದದ್ದು ಇದೊಂದೇ. ಮೂರು ಗಂಟೆಗೆ ಪಾತ್ರೆ ತೊಳೆದು ನಾವು ಅಲ್ಲಿಗೆ ಹೋಗುತ್ತಿದ್ದೆವು. ಸುರಗಿ ಆರಿಸುತ್ತ, ರೇಷನ್ ಅಕ್ಕಿಯ ಕಲ್ಲು ಹೆಕ್ಕುತ್ತ ಕೂರುತ್ತಿದ್ದೆವು. ಲಡಾಯಿಯ ಕಾಲ. ಬರ್ಮಾದ ಅಕ್ಕಿ ನಿಂತುಹೋಗಿ, ಕೊಟ್ಟ ಜೋಳವನ್ನು ಏನು ಮಾಡಿ ತಿನ್ನಬೇಕೆಂದು ತಿಳಿಯದೆ ಗಂಜಿ ಕಾಯಿಸಿ ಅತ್ತವರಿದ್ದರು. ಅಳುವುದಕ್ಕೂ ಅದೇ ಬೆಂಚು.

ಮೋಜಣಿದಾರರು ಬೆಳಿಗ್ಗೆಯೇ ಬಾಗಕ್ಕೆ ಬಂದು ಒಣಗಿದ ಟೊಂಗೆ ಆರಿಸಿ ಒಂದು ಕಡೆ ಒಟ್ಟುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. ಅವರಿಗೆ ಜಗತ್ತೆಲ್ಲ ಸರಪಳಿಯ ಲೆಕ್ಕ. ಮೂವತ್ತಮೂರಡಿಯ ಸರಪಳಿಗೆ ಹದಿನಾರು ಭಾಗ, ಒಂದೊಂದು ಭಾಗ ಒಂದು ಆಣೆ. "ನಿಮ್ಮ ಬಾವಿಗೂ ಒಲೆಗೂ ಒಂದು ಸರಪಳಿ ಹನ್ನೊಂದಾಣೆ ತಂಗಿ. ದಿನಕ್ಕೆ ಇಪ್ಪತ್ತು ಸಲ ಅಂದ್ರೆ ನೀನು ಮಿರ್ಜಾನಕ್ಕೆ ಹೋಗಿ ಬರೂಕೆ ಎಷ್ಟು ದಿನ ಹೇಳು," ಎನ್ನುತ್ತಿದ್ದರು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಬೆಂಚಿನ ಮೇಲೆ ಬಕುಲದ ಕಾಯಿ ಇಟ್ಟು ನನಗೆ ಭಾಗಾಕಾರ ಹೇಳಿಕೊಟ್ಟರು. ದಿನಚರಿ ಬರೆಯುವ ಅಭ್ಯಾಸವೂ ಅವರು ಹಚ್ಚಿದ್ದೇ. "ಕಂಡದ್ದು ಒಂದು ಹಾಳೆಯಲ್ಲಿ ಬರಿ. ಕೇಳಿದ್ದನ್ನ ಬೇರೆ ಹಾಳೆಯಲ್ಲಿ ಬರಿ. ಎರಡೂ ಕೂಡಿದ್ರೆ ಆತು, ಪುಸ್ತಕ ಒಲೆಗೆ ಹಾಕು." ಇದನ್ನು ಅವರು ನನಗೆ ನೂರು ಸಲ ಹೇಳಿರಬೇಕು.

ಒಂದು ಬೇಸಿಗೆಯಲ್ಲಿ ಸುದ್ದಿ ಬಂತು. ಸೇಟರ ಮೊಮ್ಮಕ್ಕಳು ಮುಂಬಯಿಯಲ್ಲಿದ್ದವರು ಬಾಗವನ್ನು ಮರ ಮತ್ತು ನೆಲದ ಸಮೇತ ಒಬ್ಬ ನಾಟಾ ಗುತ್ತಿಗೆದಾರನಿಗೆ ಮಾರಿದ್ದರು. ಮರ ಕಡಿದು ಮಚವೆ ದೋಣಿಗಳಲ್ಲಿ ಮುಂಬಯಿಗೆ ಕಳಿಸಿ, ಖಾಲಿ ಜಾಗದಲ್ಲಿ ನಾಟಾ ಒಟ್ಟುವ ಡಿಪೋ ಮಾಡುತ್ತಾರಂತೆ. ಗುತ್ತಿಗೆದಾರನ ಗುಮಾಸ್ತ ಮೊದಲು ಬಂದವನೇ ಮೋಜಣಿದಾರರ ಜಗಲಿಯಲ್ಲಿ ಕೂತ. ಕಾರವಾರದ ಕಡೆಯವನು, ಸಭ್ಯ. ಅವನಿಗೆ ಒಂದು ತೊಂದರೆ ಇತ್ತು. ಜಟಕ ದೇವರ ಕಲ್ಲಿರುವ ಮರಕ್ಕೆ ಈ ಕಡೆಯ ಆಳುಗಳು ಕೊಡಲಿ ಹಾಕುವುದಿಲ್ಲ. ಕಾಯುವ ದೇವರು, ರಕ್ತ ಕಾರಿಸುತ್ತಾನೆ ಎಂಬ ಹೆದರಿಕೆ.

"ಯಾವ ಮರಕ್ಕೆ ಕಲ್ಲಿದೆ ಅಂತ ನೀವು ಬರೆದುಕೊಡಿ ಮೋಜಣಿದಾರ ಸಾಹೇಬರೇ. ಅಷ್ಟು ಬಿಟ್ಟು ಬಿಡ್ತೇವೆ. ಉಳಿದವರ ಮಾತು ನಾನು ನಂಬೂದಿಲ್ಲ. ನಿಮ್ಮದು ನಂಬ್ತೇನೆ. ಗಡಿಯೂ ನೀವೇ ತೋರಿಸಬೇಕು," ಅಂದ. ನಾಲ್ಕು ದಿನ ಬಿಟ್ಟು ಬರುತ್ತೇನೆಂದು ಹೋದ.

ಇಡೀ ಬಾಗದಲ್ಲಿ ಜಟಕನ ಕಲ್ಲು ಇದ್ದದ್ದು ಒಂದೇ ಹೊನ್ನೆ ಮರದ ಬುಡದಲ್ಲಿ.

ಗುಮಾಸ್ತ ಬರುವ ಹಿಂದಿನ ದಿನ ಮೋಜಣಿದಾರರು ಇದ್ದಿಲು ಉರಿಸಿ ಓಡುವ ಬಸ್ಸು ಹತ್ತಿ ಮಗಳನ್ನು ನೋಡಲು ಹೊನ್ನಾವರಕ್ಕೆ ಹೋದರು. ಆ ಮಧ್ಯಾಹ್ನ ನಾವು ಆರೇಳು ಹೆಂಗಸರು ಬಾಗದಲ್ಲಿ ಸೇರಿದೆವು. ದಾರಿ ತೋರಿಸಿದವಳು ನಮಗೆ ಮೀನು ಕೊಡಲು ಬರುತ್ತಿದ್ದವಳು.

"ಕಲ್ಲು ಇಟ್ಟು ಕುಂಕುಮ ಹಚ್ಚೂದಪ್ಪ. ಮರಕ್ಕೆ ಒಂದು."

"ಸುಳ್ಳು ದೇವರನ್ನ ಇಟ್ರೆ ಪಾಪ ಅಲ್ವಾ?" ಅಂದಳು ನಮ್ಮ ಪಕ್ಕದ ಮನೆಯಾಕೆ.

"ಸುಳ್ಳು ಎಂತಕೆ ಆಗ್ತದೆ? ಕೈ ಮುಗಿದು ಕರೆದ್ರೆ ಬರೂದಿಲ್ವಾ ಅವ? ನಿಮ್ಮ ಗಂಡನ ಹಾಗೆ ಕರೆದ್ರೂ ಕೇಳದವ ಅಂತ ಮಾಡಿದ್ರಾ?"

ನಕ್ಕೆವು. ನಗುತ್ತಲೇ ಕಲ್ಲು ಹುಡುಕಿದೆವು. ಬಾವಿಕಟ್ಟೆಯಿಂದ, ಬಚ್ಚಲ ಮೆಟ್ಟಿಲಿನಿಂದ, ದನದ ಹಟ್ಟಿಯಿಂದ ತಂದೆವು. ದೊಡ್ಡ ಸುರಗಿಗೆ ಒಳ್ಳೆಯ ಕಲ್ಲೇ ಬೇಕೆಂದು ನನಗೆ ಆಸೆ. ನಮ್ಮ ಮನೆಯ ಮುಂದೆ, ಕೇರಿಯ ಅಂಚಿನಲ್ಲಿ, ಮೀನಿನವಳು ಬುಟ್ಟಿ ಇಳಿಸುತ್ತಿದ್ದ ಒಂದು ಕಲ್ಲು ಹುಗಿದಿತ್ತು. ನಾನೇ ಹಾರೆ ತಂದೆ. ನಾನೂ ಅವಳೂ ಸೇರಿ ಕಿತ್ತೆವು. ಮಣ್ಣು ಒರಸಿದರೆ ತಲೆಯ ಮೇಲೆ ಉಳಿಯಿಂದ ಕೊರೆದ ಬಾಣದಂಥ ಗುರುತು.

"ನೋಡ್ರಿ ಒಡ್ತೀರೇ, ತ್ರಿಶೂಲ. ಇಷ್ಟು ವರ್ಷ ದೇವರ ತಲೆಮೇಲೆ ಬಂಗಡೆ ಬುಟ್ಟಿ ಇಟ್ಟೆ ನಾನು," ಎಂದು ಅವಳು ಗಲ್ಲ ಬಡಿದುಕೊಂಡಳು. ಅದನ್ನು ಸುರಗಿಯ ಬುಡದಲ್ಲಿ ನೆಟ್ಟು, ಕುಂಕುಮ ಹಚ್ಚಿ, ಹೂವಿಟ್ಟೆವು. ಸಂಜೆಯ ಹೊತ್ತಿಗೆ ಬಾಗದ ತುಂಬ ದೇವರು.

ಮರುದಿನ ಗುಮಾಸ್ತನೂ ಮೋಜಣಿದಾರರೂ ಒಟ್ಟಿಗೇ ಬಾಗಕ್ಕೆ ಬಂದರು. ಕೇರಿಯವರೆಲ್ಲ ಬೇಲಿಯ ಹತ್ತಿರ ನಿಂತಿದ್ದೆವು. ಅವರು ಮರದಿಂದ ಮರಕ್ಕೆ ಹೋದರು. ಪ್ರತಿ ಕಲ್ಲಿನ ಮುಂದೆ ಬಗ್ಗಿ ನೋಡಿದರು. ಸುರಗಿಯ ಬುಡದಲ್ಲಿ ತುಂಬ ಹೊತ್ತು ಕುಕ್ಕರಗಾಲಿನಲ್ಲಿ ಕೂತರು. ಕಲ್ಲಿನ ತಲೆಯ ಕುಂಕುಮವನ್ನು ಬೆರಳಿನಿಂದ ಒರಸಿದ್ದನ್ನೂ, ಒಂದು ಸಲ ತಿರುಗಿ ನಮ್ಮ ಮನೆಗಳ ಕಡೆ ನೋಡಿದ್ದನ್ನೂ ಕಂಡೆ. ಎದ್ದು ಗುಮಾಸ್ತನಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹೊನ್ನೆ ಮರದ್ದು ಹಳೇದು. ಉಳಿದದ್ದೆಲ್ಲ ನಿನ್ನೆ ಇಟ್ಟದ್ದು. ದೇವರಲ್ಲ."

ನಮ್ಮ ಅತ್ತೆಯೇ ಮೊದಲು ಬಾಯಿ ತೆಗೆದದ್ದು. "ನೀವು ಮನುಷ್ಯರಾ ಮೋಜಣಿದಾರರೇ? ಎಂತ ಕೊಟ್ರು ನಿಮಗೆ?"

ಅವರು ಗುಮಾಸ್ತನಿಗೆ, "ಗಡಿ ನಾಳೆ ತೋರಿಸ್ತೆ. ಸರಪಳಿ ಹಿಡೀಬೇಕು," ಎಂದಷ್ಟೇ ಹೇಳಿ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಅಂಗಳಕ್ಕೆ ಸೆಗಣಿ ನೀರು ಹಾಕುತ್ತಿದ್ದಾಗ ಬಂದು ನಿಂತರು. ಹೆಗಲ ಮೇಲೆ ಆ ಕಲ್ಲು. ತೊಳೆದಿದ್ದರು. ಮುಖ ನೋಡದೆ ಕೇಳಿದರು.

"ಇದನ್ನ ಕಿತ್ತದ್ದು ಎಲ್ಲಿಂದ ತಂಗಿ?"

ಮನೆಯ ಮುಂದಿನ ಗುಂಡಿ ತೋರಿಸಿದೆ. ಅವರು ಕಲ್ಲು ಇಳಿಸಿ, ಗುಂಡಿಯ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರು.

"ಇದು ಬಾಂದುಕಲ್ಲು. ಬಾಗದ ಗಡಿ. ಗುಮಾಸ್ತನ ಹತ್ರ ಇರೂ ನಕ್ಷೆ ಪ್ರಕಾರ ಈ ಕಲ್ಲಿನಿಂದ ನೇರ ಬಡಗಲಿಗೆ ಗೆರೆ. ಗೆರೆ ಇಲ್ಲಿಂದ ಹೋತು ಅಂದ್ರೆ ನಿಮ್ಮ ಐದೂ ಮನೆ ಬಾಗದ ಒಳಗೆ. ಸೇಟರ ಕಾಲದಲ್ಲಿ ಬಾಯಿಮಾತಿನ ಮೇಲೆ ಕಟ್ಟಿದ್ದು, ಯಾರೂ ಕೇಳಲಿಲ್ಲ. ಈ ಗುತ್ತಿಗೆದಾರ ಕೇಳ್ತ. ಮನೆ ಕೆಡವಿ ಗಾಡಿ ದಾರಿ ಮಾಡ್ತ."

ಒಳಗೆ ಅತ್ತೆ ಕೆಮ್ಮುತ್ತಿದ್ದರು. ಮಗು ತೊಟ್ಟಿಲಲ್ಲಿತ್ತು. ಯಜಮಾನರು ಅಕ್ಕಿ ಅಂಗಡಿಗೆ ಹೊರಡುವ ತಯಾರಿಯಲ್ಲಿದ್ದರು.

ಅವರು ಎದ್ದರು. ಗುಂಡಿಗೆ ಮಣ್ಣು ತುಂಬಿ ಕಾಲಿನಿಂದ ತುಳಿದರು. "ಸೆಗಣಿ ಸಾರಿಸು," ಅಂದರು. ಸಾರಿಸಿದೆ. ಕಲ್ಲು ಹೊತ್ತು ನಮ್ಮ ಮನೆಯ ಬದಿಯಿಂದ ಹಿತ್ತಲಿಗೆ ನಡೆದು, ಹಟ್ಟಿಯನ್ನು ದಾಟಿ, ಬೇಲಿಯ ಮೂಲೆಯಲ್ಲಿ ಅಗೆದು ನೆಟ್ಟರು. ಸುತ್ತ ಹಳೆಯ ತರಗೆಲೆ ಉದುರಿಸಿದರು. ಆ ಕೆಲಸವನ್ನು ಎಷ್ಟು ನಿಧಾನವಾಗಿ, ಎಷ್ಟು ಅಚ್ಚುಕಟ್ಟಾಗಿ ಮಾಡಿದರೆಂದರೆ, ನೋಡುತ್ತ ನಿಂತ ನನಗೇ ಆ ಕಲ್ಲು ಮೊದಲಿನಿಂದ ಅಲ್ಲೇ ಇತ್ತು ಅನ್ನಿಸಿತು.

"ನಿನ್ನೆ ಮರಗಳಿಗೂ ಹೀಗೇ ಒಂದು ಸುಳ್ಳು ಹೇಳಬಹುದಿತ್ತಲ್ಲ ಅಜ್ಜ," ಎಂದು ಕೇಳಿಬಿಟ್ಟೆ.

ಅವರು ಕೈಯ ಮಣ್ಣು ಒರಸಿಕೊಂಡರು. "ನನ್ನಂಥವನ ಸುಳ್ಳು ಒಂದೇ ಸಲ ನಡೀತದೆ ತಂಗಿ. ಸುರಗಿ ಬುಡದಲ್ಲಿ ಈ ಕಲ್ಲು ಕಾಣದೆ ಇದ್ದಿದ್ರೆ ಏನು ಹೇಳ್ತಿದ್ದೆ, ನನಗೂ ಗೊತ್ತಿಲ್ಲ. ಕಂಡ ಮೇಲೆ ಆ ಒಂದು ಸುಳ್ಳು ಮನೆಗಳಿಗೆ ಇಟ್ಟು, ಮರದ ಆಸೆ ಬಿಡಬೇಕಾತು." ಆಮೇಲೆ ಹೇಳಿದರು, "ಗಂಡನ ಹತ್ರವೂ ಆಡಬೇಡ. ಅಂಗಡಿಯಲ್ಲಿ ಕೂತವರ ಬಾಯಲ್ಲಿ ಮಾತು ನಿಲ್ಲೂದಿಲ್ಲ. ನನ್ನನ್ನ ಯಾರಾದ್ರೂ ಬೈದ್ರೆ ನೀನು ಅಡ್ಡ ಬರೂದು ಬೇಡ. ಅಡ್ಡ ಬಂದ್ರೆ ಎಂತಕೆ ಅಂತ ಕೇಳ್ತ್ರು."

ಗುಮಾಸ್ತ ಬಂದ. ಅವರು ಸರಪಳಿ ಹಿಡಿಸಿದರು. ಯಾವತ್ತೂ ಅಳೆಯುವಾಗ ಆಣೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದವರು ಅವತ್ತು ತುಟಿ ತೆರೆಯಲಿಲ್ಲ. ಗುಮಾಸ್ತ ನಕ್ಷೆಯನ್ನು ಬಿಚ್ಚಿದ, ಕಲ್ಲಿನ ತಲೆಯ ಬಾಣ ನೋಡಿದ, ಮಡಚಿದ. "ನಿಮ್ಮವರ ದೇವರನ್ನೇ ಅಲ್ಲ ಅಂದವರು ನೀವು. ನಿಮ್ಮ ಮಾತಿನ ಮೇಲೆ ನಾನು ಮತ್ತೆ ಅಳೀಬೇಕಾ?" ಅಂದ. ಅವರು ಪುಸ್ತಕದಲ್ಲಿ ಬರೆದು ಸಹಿ ಮಾಡಿದರು.

ಮರ ಕಡಿಯಲು ಹನ್ನೊಂದು ದಿನ ಹಿಡಿಯಿತು. ಸುರಗಿ ಬಿದ್ದಾಗ ಹೂವಿನ ಕಾಲ ಇನ್ನೂ ಮುಗಿದಿರಲಿಲ್ಲ. ಮರದ ಹೊಟ್ಟಿನ ವಾಸನೆ ಅನ್ನದ ಗಂಜಿಯವರೆಗೂ ಬಂದಿತು. ಬೆಂಚುಗಳನ್ನು ಯಾರೋ ಹೊತ್ತೊಯ್ದರು. ಒಂದೇ ಹೊನ್ನೆ ಮರ ಬಿಸಿಲಲ್ಲಿ ನಿಂತು ಎರಡು ವರ್ಷದಲ್ಲಿ ತಾನಾಗಿ ಒಣಗಿತು. ಮೂರು ಗಂಟೆಗೆ ಕೇರಿಯ ಹೆಂಗಸರು ಪಾತ್ರೆ ತೊಳೆದು ಮನೆಯೊಳಗೇ ಕೂತೆವು. ಹಾಗೆ ಕೂರುವುದೇ ಮುಂದೆ ಅಭ್ಯಾಸವಾಯಿತು. ಈಗಿನ ಹುಡುಗಿಯರಿಗೆ ಅಲ್ಲೊಂದು ಬಾಗವಿತ್ತೆಂದರೆ ನಂಬಿಕೆಯಿಲ್ಲ.

ಮೋಜಣಿದಾರರಿಗೆ ಬಾಗ ಮಾರಿದವರು ಎಂದು ಹೆಸರು ಬಿತ್ತು. ಅವರು ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಮೀನಿನವಳು ಅವರ ಬಾಗಿಲಲ್ಲಿ ಬುಟ್ಟಿ ಇಳಿಸುವುದನ್ನು ಬಿಟ್ಟಳು. ಒಂದು ದಿನ ಎಲ್ಲರ ಎದುರಿಗೆ, "ನನ್ನ ದೇವರನ್ನ ಕಲ್ಲು ಮಾಡಿದ ಮುದುಕ. ಇವನಿಗೆ ಒಂದು ತಾರಲಿ ಮೀನಿನ ಬಾಲವೂ ಕೊಡೂದಿಲ್ಲ," ಎಂದು ಹೇಳಿ ನನ್ನ ಮುಖ ನೋಡಿದಳು. ಉಳಿದವರು ನಕ್ಕರು. ನಾನೂ ನಕ್ಕೆ. ಜಗಲಿಯಲ್ಲಿದ್ದ ಅವರು ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದರು, ನಾನು ಲೆಕ್ಕ ಸರಿ ಮಾಡಿದಾಗ ಆಡಿಸುತ್ತಿದ್ದ ಹಾಗೆ.

ಆ ಸಹಿಯ ನಂತರ ಅವರು ಸರಪಳಿ ಆಣೆಯ ಮಾತನ್ನೇ ಎತ್ತಲಿಲ್ಲ. ಯಾರೋ ಹೊರಗಿನವರು ಬಂದರಿಗೆ ಎಷ್ಟು ದೂರ ಎಂದು ಕೇಳಿದ್ದಕ್ಕೆ, "ನನಗೆ ಅಂದಾಜಿಲ್ಲ," ಎಂದದ್ದನ್ನು ನಾನೇ ಕೇಳಿದೆ. ನಾನು ಕದ್ದು ಕೊಟ್ಟ ಗಂಜಿಯನ್ನು ಎರಡು ಸಲ ತೆಗೆದುಕೊಂಡರು. ಮೂರನೆಯ ಸಲ, "ಬರಬೇಡ, ಕಾಣ್ತ್ರು," ಎಂದು ಬಾಗಿಲು ಮುಂದೆ ಮಾಡಿದರು.

ಮರುವರ್ಷದ ಚಳಿಜ್ವರಕ್ಕೆ ಹೋದರು. ಕೊಯಿನೈನ್ ಸಿಗುತ್ತಿರಲಿಲ್ಲ. ಮಗಳಿಗೆ ಸುದ್ದಿ ಮುಟ್ಟಿ, ಹೊನ್ನಾವರದಿಂದ ಅವಳು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಹೊರಲು ಅಳಿಯನೂ ಬಂದರಿನ ಇಬ್ಬರು ಆಳುಗಳೂ ಇದ್ದರು. ನಾಲ್ಕನೆಯವರಿಲ್ಲ. ನಾನು ಯಜಮಾನರಿಗೆ ಹೇಳಿದೆ, "ನೀವೊಬ್ಬರು ಹೆಗಲು ಕೊಡಿ."

"ಅವನಿಗಾ? ಎಂತಕೆ?"

ಎಂತಕೆ ಎಂದು ಹೇಳಲು ಬಾಯಿಗೆ ಬಂದಿತ್ತು. ಡಿಪೋದ ಗುಮಾಸ್ತ ಅಂಗಡಿಗೆ ದಿನಾ ಬರುತ್ತಿದ್ದವನು. ಹೇಳದೆ ಒಳಗೆ ಹೋದೆ.

ಆ ಐದು ಮನೆಗಳ ನೆಲ ಈಚೆಗೆ ಕಾಯಿದೆ ಪ್ರಕಾರ ನಮ್ಮ ನಮ್ಮ ಹೆಸರಿಗೆ ಆಗಿದೆ. ಡಿಪೋ ಹೋಗಿ ಅಲ್ಲಿ ಗೋದಾಮು ಬಂದಿದೆ. ಈಗ ಶಾಲೆಯ ಮಾಸ್ತರರು ಮಕ್ಕಳನ್ನು ಕರೆತಂದು ನಮ್ಮ ತೊಲೆಯ ಕೆತ್ತನೆ ತೋರಿಸುತ್ತಾರೆ, ಊರಿನ ಹಳೆಯ ಕೇರಿ ಎಂದರೆ ಇದೊಂದೇ ಉಳಿದದ್ದು, ಕಾಪಾಡಬೇಕು ಎನ್ನುತ್ತಾರೆ. ಕಾಪಾಡಿದವರು ಯಾರೆಂದು ಕೇಳಿದವರಿಲ್ಲ. ಅತ್ತೆ, ಯಜಮಾನರು, ಮೀನಿನವಳು, ಎಲ್ಲರೂ ಅವರನ್ನು ಬೈಯುತ್ತಲೇ ತೀರಿಕೊಂಡರು. ಕಂಡದ್ದನ್ನು ಕಂಡ ಹಾಳೆಯಲ್ಲಿ ಬರೆಯಲು ನನಗೆ ಐವತ್ತು ದಾಟಬೇಕಾಯಿತು.

ಅವತ್ತು ಕಡೆಗೆ ನಾಲ್ಕನೆಯ ಹೆಗಲು ಕೊಟ್ಟವನು ದಾರಿಹೋಕ ಗಾಡಿಯವನು. ಚಟ್ಟ ಕೇರಿಯ ಉದ್ದಕ್ಕೂ ಹೋಗುವಾಗ ಪಶ್ಚಿಮದ ಸಾಲಿನ ಐದೂ ಬಾಗಿಲು ಮುಚ್ಚಿದ್ದವು. ನಮ್ಮದಕ್ಕೆ ಅಗಳಿ ಹಾಕಿದವಳು ನಾನೇ.