ಮಣ್ಣಡಿಯ ಬಾಂದು ಕಲ್ಲು

ಕಳೆದ ಬೇಸಿಗೆಯಲ್ಲಿ ಮೈಸೂರಿನ ಕಾಲೇಜೊಂದರಿಂದ ನಾಲ್ಕಾರು ಮಂದಿ ದೇವನೂರಿನ ಹತ್ತಿರದ ನನ್ನ ಹೊಲಕ್ಕೆ ಡ್ರೋನ್ ತಂದರು. ಅದರ ಹೊಟ್ಟೆಗೆ ಸ್ಪೀಕರ್ ಕಟ್ಟಿದ್ದರು. ಮೇಲಿನಿಂದ ಅದು ಜೋರಾಗಿ ಕೂಗಿದರೆ ನೆಲ ಕಣ್ಣಿಗೆ ಕಾಣದಷ್ಟು ಅದುರುತ್ತದಂತೆ. ರಸ್ತೆಯಲ್ಲಿ ನಿಂತ ವ್ಯಾನಿನಿಂದ ಲೇಸರ್ ಬಿಟ್ಟು ಆ ಅದುರನ್ನು ಅಳೆಯುತ್ತಾರೆ. ಅಡಿಯಲ್ಲಿ ಏನಾದರೂ ಹೂತಿದ್ದರೆ ಅಲ್ಲಿನ ಮಣ್ಣು ಬೇರೆ ಥರ ಅದುರುತ್ತದೆ. ಪರೀಕ್ಷೆಗೆಂದು ತಾವೇ ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನು ಹೂತರು. ಖಾಲಿ ಹೊಲ, ಆಗಲಿ ಎಂದು ನಾನೇ ಒಪ್ಪಿದ್ದೆ. ಯಂತ್ರದ ಕೆಲಸ ಏನೆಂದು ಕೇಳಿದ್ದು ಆಮೇಲೆ.

ಕೇಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಆ ಹೊಲದಲ್ಲಿ ನಾನು ಹೂತದ್ದೂ ಒಂದಿತ್ತು. ನನ್ನ ಹೊಲಕ್ಕೂ ಚಿಕ್ಕಪ್ಪನ ಮಗನಾದ ದಾಯಾದಿ ತಮ್ಮನ ಹೊಲಕ್ಕೂ ಗಡಿಯಾಗಿದ್ದ ಬಾಂದು ಕಲ್ಲನ್ನು ಹಿಂದೊಮ್ಮೆ ನಿಂತಲ್ಲೇ ಮಲಗಿಸಿ, ನೇಗಿಲಿಗೆ ಸಿಗದಷ್ಟು ಮಣ್ಣೆಳೆದಿದ್ದೆ. ಆಮೇಲೆ ವರ್ಷವರ್ಷವೂ ಬದುವನ್ನು ಅವನ ಕಡೆಗೆ ಸರಿಸುತ್ತ ಬಂದೆ. ಕಲ್ಲೆಲ್ಲಿ ಎಂದು ಅವನು ಕೇಳಿದಾಗ, ಟ್ರ್ಯಾಕ್ಟರ್ ಹೊಡೆದಿರಬೇಕು ಎಂದೆ, ನಂಬಿದ. ಕಾಲುವೆಗೆ ಎಸೆದಿದ್ದರೆ ಮುಗಿಯುತ್ತಿತ್ತು. ಬಾಂದು ಕಲ್ಲು ಹೊಲ ಬಿಟ್ಟರೆ ಮನೆಗೆ ಕೇಡು ಎಂಬ ಮಾತಿಗೆ ಹೆದರಿದ್ದೆ.

ತಮ್ಮನೂ ನೋಡಲು ಬಂದ. ನಾನು ಬದುವಿನುದ್ದಕ್ಕೂ ಅಡ್ಡಾಡುವುದನ್ನು ಕಂಡು, "ಯಾಕಣ್ಣ, ಕಾಲು ಸುಟ್ಟ ಬೆಕ್ಕಿನಂಗೆ ಆಡ್ತಿದ್ದೀಯ? ನಿಧಿ ಗಿಧಿ ಮಡಗಿದ್ದೀಯೇನು?" ಎಂದ.

"ಸುಮ್ಕಿರ್ಲಾ."

ವ್ಯಾನಿನ ಪರದೆಯಲ್ಲಿ ಡಬ್ಬಿಗಳೆಲ್ಲ ಕಂಡವು. ಪಕ್ಕದಲ್ಲಿ ಉದ್ದನೆಯ ಮಸುಕು ಗುರುತೊಂದು. ತಂಡದ ಮೇಡಂ, "ಇದು ನಮ್ಮದಲ್ಲ, ಕಲ್ಲೋ ಏನೋ, ಬಿಡಿ" ಎಂದರು. ನಾನು ಬಚಾವಾಗಿದ್ದೆ. ಅಷ್ಟರಲ್ಲಿ ತಮ್ಮ ಪರದೆಗೆ ಬಗ್ಗಿ, "ನಮ್ಮಣ್ಣನ ನಿಧಿ ಕಣ್ರೀ ಮೇಡಂ, ನಂಗೂ ಪಾಲೈತೆ" ಎಂದು ಎಲ್ಲರನ್ನೂ ನಗಿಸಿದ. ಆ ನಗುವನ್ನು ತಾಳಲಾರದೆ ಹೋದೆ.

"ನಿಂದೇ ಕಣ್ಲಾ ಅದು. ಬಾಂದು ಕಲ್ಲು. ನಾನೇ ಹೂತಿದ್ದು."

ಅವನ ಮುಖದಲ್ಲಿ ನಗು ಆರಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವತ್ತು?"

"ನಿಮ್ಮಪ್ಪನ ಬೂದಿ ಬುಡಕೆ ನೀನು ನರಸೀಪುರದ ಹೊಳೆಗೆ ಓಗಿದ್ದ ದಿನ."

ಸೊಂಟನೋವೆಂದು ಹೇಳಿ ಅವತ್ತು ನಾನು ಹೋಗಿರಲಿಲ್ಲ. ಸೂತಕದಲ್ಲಿ ದಾಯಾದಿಗಳ್ಯಾರೂ ಹೊಲದ ಕೆಲಸ ಮುಟ್ಟುವುದಿಲ್ಲ. ನೋಡುವವರು ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ತಮ್ಮ ಗುದ್ದಲಿ ತಂದು ಅಗೆದ. ಎತ್ತಲು ನಾನು ಕೈ ಹಾಕಿದಾಗ, "ನೀನು ಮುಟ್ಟಬ್ಯಾಡ ಬುಡು" ಎಂದ. ಒಬ್ಬನೇ ಏದುತ್ತ ಕಲ್ಲನ್ನು ಎಬ್ಬಿಸಿ, ನೆಟ್ಟು, ಸುತ್ತ ಮಣ್ಣು ತುಳಿದ. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಹೋಗು ಎಂದೂ ಅವನು ಹೇಳಲಿಲ್ಲ.