ಮಗಳ ಪಾಲಿನ ಮಾತ್ರೆ

ಟೈಲರಮ್ಮನ ಬಾಯಿ ಅವಳ ಹೊಲಿಗೆ ಮಷೀನಿಗಿಂತ ಜೋರು. ಗಿರಾಕಿಯ ಸೊಂಟದ ಸುತ್ತಳತೆಯನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿ ನಗಿಸುತ್ತಿದ್ದಳು. ಬಲಗಾಲು ಆನೆಕಾಲಾಗಿ ಪೆಡಲಿನ ಮೇಲೆ ಹಿಡಿಸದಂತಾದ ಮೇಲೆ ಬಾಯಿಯೂ ತಣ್ಣಗಾಯಿತು. ಈಗ ಮಷೀನಿಗೆ ಕೂರುವವಳು ಹತ್ತೊಂಬತ್ತರ ಮಗಳು. ಅಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚುತ್ತಾಳೆ.

ಸೊಳ್ಳೆ ಕಚ್ಚಿದಾಗ ಒಳಹೊಕ್ಕ ಹುಳುವಿನ ಕಾಟ ಇದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಕೇಳುವವರು ಯಾರು? ಆ ಹುಳು ಸಾಯಲೆಂದು ವರ್ಷಕ್ಕೊಮ್ಮೆ ನರ್ಸು ಮನೆಮನೆಗೆ ಹಂಚುವ ಮಾತ್ರೆಯನ್ನು ಟೈಲರಮ್ಮ ಒಂದೇ ಸಲ ನುಂಗಿದ್ದಳು. ಅವತ್ತು ತಲೆಸುತ್ತು, ವಾಂತಿ. ಕೆಲವೇ ತಿಂಗಳಲ್ಲಿ ಕಾಲು ಊದತೊಡಗಿತು. ಎಲ್ಲಾ ಆ ಹಾಳು ಮಾತ್ರೆಯದೇ ಕಿತಾಪತಿ ಎಂದು ತೀರ್ಮಾನಿಸಿಬಿಟ್ಟಳು.

ಮಗಳಿಗೂ ಹೀಗಾಗಬಾರದಲ್ಲ! "ಅವಳು ಸ್ಕೂಲಿಂದ ಬರ್ಲಿ, ಊಟ ಮಾಡ್ಸಿ ಕೊಡ್ತೀನಿ" ಎಂದು ಮಾತ್ರೆ ಇಸಿದುಕೊಂಡು ಚರಂಡಿಗೆ ಎಸೆಯುತ್ತಿದ್ದಳು. ಮಗಳು ಕೇಳಿದರೆ ಅಂಗಡಿಯಿಂದ ತಂದ ವಿಟಮಿನ್ ಮಾತ್ರೆಯನ್ನೇ ನರ್ಸು ಕೊಟ್ಟದ್ದು ಎಂದು ಕೊಡುತ್ತಿದ್ದಳು. ಹೀಗೆ ಐದು ವರ್ಷ. ಪ್ರೀತಿಯಿಂದಲೇ ಮಾಡಿದಳು, ಅದೇ ಹೊಟ್ಟೆ ಉರಿಸುವ ಸಂಗತಿ.

ಈ ಸಲ ನರ್ಸು ಬಂದಾಗ ಮಗಳೇ ಪಾದ ಮುಂದೆ ಚಾಚಿದಳು. "ಅಕ್ಕಾ, ಒಂದು ತಿಂಗಳಿಂದ ಸಂಜೆಯಾದ್ರೆ ಊದ್ಕೊಳ್ಳುತ್ತೆ."

ನರ್ಸು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಹಾಗೇ ಉಳಿಯಿತು. ಮಾತ್ರೆ ಹಂಚಿದ್ದನ್ನು ಬರೆದಿಡುವ ಪುಸ್ತಕ ತೆಗೆದು ನೋಡಿದಳು. "ಐದು ವರ್ಷನೂ ಮಾತ್ರೆ ತಗೊಂಡಿದ್ದೀಯ. ಹಾಗಾದ್ರೆ ಆ ಕಾಯಿಲೆ ಇರಲಿಕ್ಕಿಲ್ಲ. ಪೆಡಲ್ ತುಳಿದು ಊದಿರ್ಬೇಕು, ರಕ್ತಪರೀಕ್ಷೆ ಏನೂ ಬೇಡ ಬಿಡು."

ಮಗಳ ಮುಖ ಅರಳಿತು. "ನಮ್ಮಮ್ಮ ನೀರು ಹಿಡ್ಕೊಂಡು ಎದುರಿಗೇ ನಿಂತು ನುಂಗಿಸ್ತಿದ್ಲು ಅಕ್ಕಾ."

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಸುಮ್ಮನಿದ್ದರೆ ಮಗಳ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯಬಹುದಿತ್ತು. ಆದರೆ ಮಗಳ ಕಾಲು ಉಳಿಯುತ್ತಿರಲಿಲ್ಲ.

"ಅದು ಆ ಮಾತ್ರೆ ಅಲ್ಲ," ಎಂದಳು. "ಅದನ್ನ ನಾನು ಎಸೆದುಬಿಡ್ತಿದ್ದೆ. ಐದು ವರ್ಷನೂ."

ಮಗಳು ಚಾಚಿದ್ದ ಪಾದವನ್ನು ಹಿಂದಕ್ಕೆಳೆದುಕೊಂಡಳು. ನರ್ಸು ಪುಸ್ತಕ ಮುಚ್ಚಿದಳು. "ಇವತ್ತೇ ರಕ್ತ ಕೊಡು ತಂಗಿ. ಹುಳಕ್ಕೆ ಔಷಧಿ ಇದೆ. ಊತ ಪೂರ್ತಿ ಇಳಿಯುತ್ತೆ ಅಂತ ಮಾತ್ರ ನಾನು ಹೇಳಲಾರೆ" ಎಂದಳು.

ಮಗಳು ಕಿರುಚಲಿಲ್ಲ. ಅಮ್ಮನ ಕಡೆ ತಿರುಗಿ ಕೇಳಿದಳು: "ನಿನ್ನ ಕಾಲನ್ನ ದಿನಾ ನಾನು ತೊಳೆದು ಒರೆಸ್ತೀನಿ. ನಂದನ್ನ ಯಾರಮ್ಮಾ ತೊಳೀತಾರೆ?"

ನಾನು ಎನ್ನಲು ಟೈಲರಮ್ಮ ಬಾಯಿ ತೆರೆದಳು. ನೆಲಕ್ಕೆ ಬಗ್ಗಿ ಕೂರುವುದೇ ಅವಳಿಗೆ ಆಗದೆ ಎರಡು ವರ್ಷವಾಗಿತ್ತು.